ಅಳಿಸುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ, ಹಳೆಯ ಗಣಕಯಂತ್ರಗಳನ್ನು ಬರಿದು ಮಾಡಿ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವ ಕೆಲಸ ನಮ್ಮ ಭಾಗದಲ್ಲಿಯೂ ನಡೆದಿದೆ. ಹುನಗುಂದದ ನಮ್ಮ ಮನೆಯ ಯಂತ್ರಕ್ಕೂ ಆ ಸರದಿ ಬಂದಿತು. ಓಲೆಗರಿಯ ಕಟ್ಟುಗಳಿಂದ ನಾವು ಇಪ್ಪತ್ತು ವರ್ಷ ಪ್ರತಿ ಮಾಡಿದ ಬರಹವೆಲ್ಲ ಅದರಲ್ಲಿಯೇ ಇದ್ದುದರಿಂದ, ಈ ವಿಷಯವನ್ನು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳಬೇಕೆನಿಸಿತು.

ಫಾರ್ಮ್ಯಾಟ್ ಎಂದರೆ ಅಕ್ಷರ ಅಕ್ಷರವನ್ನೂ ಒರೆಸುವುದೆಂದು ಅನೇಕರ ಭಾವನೆ. ಹಾಗೇನೂ ಇಲ್ಲ. ಶೀಘ್ರ ಫಾರ್ಮ್ಯಾಟಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯಷ್ಟೇ ಹೊಸದಾಗುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಬರಹವು ಅದರ ಮೇಲೆ ಬೇರೊಂದು ಬರಹ ಕೂಡುವವರೆಗೆ ಉಳಿದಿರುತ್ತದೆ. ಓಲೆಗರಿಯಲ್ಲಿಯೂ ಹೀಗೆಯೇ. ಕಂಟದಿಂದ ಕೊರೆದ ಗೀರಿನ ಮಸಿ ಮಾಸಿದರೂ, ಕಾಡಿಗೆಯನ್ನು ತಿಕ್ಕಿ ಒರೆಸಿದೊಡನೆ ಅಕ್ಷರಗಳು ಕಣ್ದೆರೆಯುತ್ತವೆ. ಆದರೆ ಪೂರ್ಣ ಫಾರ್ಮ್ಯಾಟು, ವಿಸ್ಟಾ ಕಾಲದಿಂದೀಚೆಗೆ, ಉದ್ದಕ್ಕೂ ಸೊನ್ನೆಯನ್ನೇ ಬರೆಯುತ್ತದೆ. ಈಗಿನ ಎಸ್‌ಎಸ್‌ಡಿಗಳಲ್ಲಂತೂ ಶೀಘ್ರ ಫಾರ್ಮ್ಯಾಟಿನ ತರುವಾಯವೂ ಮರಳಿ ಪಡೆಯುವ ಆಸೆ ಬಲು ಕಡಿಮೆ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಬರೆಸಿದ ಶಾಸನಕ್ಕೆ ಈ ಭಯವಿಲ್ಲ, ಆ ಮಾತು ಬೇರೆ.

ಇಳಕಲ್ಲಿನ ನೇಕಾರ ಮನೆತನದ ಹುಡುಗನೊಬ್ಬ ಕೆಲಸಕ್ಕೆ ಬಂದಿದ್ದನು. "ಅಜ್ಜಾರ, ನಿಮ್ಮ ಬರಹ ಎಲ್ಲಾ ಡಿ ಡ್ರೈವಿನ್ಯಾಗ ಐತ್ರಿ. ಸಿ ಡ್ರೈವ್ ಅಳಸಿಬಿಡ್ಲೇನ್ರಿ?" ಎಂದನು. ನಾವು ತಡೆದೆವು. ಆಲಮಟ್ಟಿಯ ಹಿನ್ನೀರು ಏರಿ ಬಾಗಲಕೋಟೆಯವರು ನವನಗರಕ್ಕೆ ಹೊರಟಾಗ ಬಾಗಿಲು ತೊಲೆಗಳನ್ನು ಬಿಚ್ಚಿ ಒಯ್ದುದನ್ನು ಕಂಡವರು ನಾವು; ಮನೆ ಬಿಡುವಾಗ ಪಡಸಾಲೆಯನ್ನಷ್ಟೇ ನೋಡಿದರೆ ಸಾಲದು, ಹಗೇವನ್ನೂ ನೋಡಬೇಕು. ಪರದೆಯ ಮೇಲಿಟ್ಟ ಕಡತಗಳೂ 'ಡಾಕ್ಯುಮೆಂಟ್ಸ್' ಕೋಶವೂ ಸಾಮಾನ್ಯವಾಗಿ ಸಿ ಭಾಗದಲ್ಲಿಯೇ ಇರುತ್ತವೆ.

ಅದಕ್ಕಿಂತ ಮುಖ್ಯವಾದುದು ಅಕ್ಷರವಿನ್ಯಾಸ, ಎಂದರೆ ಫಾಂಟು. 1998ರಲ್ಲಿ ಬಂದ ಬರಹ, ಅನಂತರದ ನುಡಿ, ಇವುಗಳ ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷಿನ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವ ಫಾಂಟು ಸಿ ಭಾಗದಲ್ಲಿರುತ್ತದೆ. ಅದು ಅಳಿದರೆ ಡಿ ಭಾಗದ ಬರಹ ಸುರಕ್ಷಿತವಾಗಿದ್ದೂ ಓದಲು ಬಾರದ ಚಿಹ್ನೆಗಳ ರಾಶಿಯಾಗುತ್ತದೆ. ಹುಡುಗನ ವಯಸ್ಸಿನವರು ಯೂನಿಕೋಡಿನಲ್ಲಿಯೇ ಬೆಳೆದವರು, ಅವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಮೊದಲು ಫಾಂಟುಗಳನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿಸಿದೆವು. ಬಳಿಕ ಬರಹವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿದ್ದಾಯಿತು, ಮೂಲ ಕಡತಗಳನ್ನೂ ಹಾಗೆಯೇ ಉಳಿಸಿದೆವು; ಏಕೆಂದರೆ ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು. ಪ್ರತಿಯನ್ನು ನೆರೆಮನೆಯ ಯಂತ್ರದಲ್ಲಿ ತೆರೆದು, ಓಲೆಗರಿಯನ್ನು ಮಗ್ಗುಲಿಗಿಟ್ಟುಕೊಂಡು ಮೂರು ದಿನ ಓದಿ ತಾಳೆ ನೋಡಿದೆವು. ಹುಡುಗ ಬೇಸರಿಸದೆ ಕಾದನು. ನಾಲ್ಕನೆಯ ದಿನ ಬೆಳಿಗ್ಗೆ, "ಇನ್ನ ಅಳಸಪಾ" ಎಂದೆವು.