ಆಲೂಗಡ್ಡೆಯ ತವರಿಗೆ ಅಪ್ಪನ ಜೊತೆ

ಪೆರುಗೆ ಹೋಗೋಣ ಅಂದಿದ್ದು ನಾನಲ್ಲ, ಅಪ್ಪ. ಹಾಸನದ ಕಡೆ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಜಲಂಧರ್‌ನಿಂದ ಬರುವ ಬಿತ್ತನೆ ಗೆಡ್ಡೆಗೆ ಸಾಲ ಮಾಡಿ, ಅಂಗಮಾರಿ ಬಿದ್ದು ಹೊಲವೆಲ್ಲ ಕರಕಲಾದ ಮೇಲೆ ಮುಸುಕಿನ ಜೋಳಕ್ಕೆ ಬದಲಾದವರು. ಯೂಟ್ಯೂಬ್‌ನಲ್ಲಿ ಆಂಡೀಸ್ ಬೆಟ್ಟದ ನೇರಳೆ ಆಲೂಗಡ್ಡೆ ಕಂಡಿದ್ದೇ ತಡ, "ಇದರ ತವರು ಅಲ್ಲಿದೆಯಂತೆ ಕಣೋ, ಒಂದ್ಸಲ ನೋಡ್ಬೇಕು" ಅಂತ ಶುರು ಮಾಡಿದರು.

ವೀಸಾ ಚಿಂತೆ ಇರಲಿಲ್ಲ. ಅಕ್ಕ ಡಲ್ಲಾಸ್‌ನಲ್ಲಿರೋದರಿಂದ ಇಬ್ಬರ ಹತ್ತಿರವೂ ಅಮೆರಿಕದ ವಿಸಿಟರ್ ವೀಸಾ ಇತ್ತು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗನ್ ವೀಸಾ ಇದ್ದು, ಅದರ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇದ್ದರೆ ಭಾರತೀಯರಿಗೆ ಪೆರುವಿನ ಪ್ರವಾಸಿ ವೀಸಾ ಬೇರೆ ಬೇಡ. (ಟಿಕೆಟ್ ತಗೊಳ್ಳೋ ಮುಂಚೆ ನಿಯಮ ಬದಲಾಗಿದೆಯಾ ಅಂತ ನೋಡಿಕೊಳ್ಳಿ.)

ಕಷ್ಟ ಬಂದಿದ್ದು ಹಳದಿ ಜ್ವರದ ಲಸಿಕೆಯಲ್ಲಿ. ತಮಾಷೆ ಏನಂದರೆ, ನಾವು ಹೋಗುವ ಲಿಮಾ, ಕುಸ್ಕೊ, ಮಾಚು ಪಿಚುಗೆ ಆ ಲಸಿಕೆ ಅಗತ್ಯವೇ ಇಲ್ಲ. ಸೊಳ್ಳೆ ಕಾಟ ಇರೋದು ಅಮೆಜಾನ್ ಕಾಡಿನ ಕಡೆ. ಲಸಿಕೆ ಕೇಳೋದು ನಮ್ಮ ದೇಶ, ವಾಪಸ್ ಬರುವಾಗ! ಪೆರು ಆ ಪಟ್ಟಿಯಲ್ಲಿರೋದರಿಂದ, ಅಲ್ಲಿಂದ ಹೊರಟ ಆರು ದಿನದೊಳಗೆ ಹಳದಿ ಕಾರ್ಡ್ ಇಲ್ಲದೆ ಇಲ್ಲಿ ಇಳಿದರೆ ಕ್ವಾರಂಟೈನ್. ಲಸಿಕೆ ಒಂದೇ ಡೋಸ್, ಜೀವಮಾನಕ್ಕೆ ಸಾಕು. ಆದರೆ ಕಾರ್ಡ್ ಊರ್ಜಿತವಾಗೋದು ಹಾಕಿಸಿಕೊಂಡ ಹತ್ತು ದಿನದ ಮೇಲೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ. ಹೊರಡುವ ವಾರ ಓಡಿದರೆ ಆಗಲ್ಲ.

ನನಗೆ ಹಾಕಿದರು. ಅಪ್ಪನ ಸರದಿ ಬಂದಾಗ ಡಾಕ್ಟರ್ ಮಾತ್ರೆಯ ಚೀಟಿ ಕೇಳಿದರು. ಅಪ್ಪನಿಗೆ ಅರವತ್ತಮೂರು, ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತಗೋತಾರೆ. ಅದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಇದೋ ಜೀವಂತ ವೈರಸ್‌ನ ಲಸಿಕೆ. ಸಾಲದ್ದಕ್ಕೆ, ಅರವತ್ತು ದಾಟಿದವರಿಗೆ ಇದರ ಅಡ್ಡಪರಿಣಾಮದ ಅಪಾಯ ಜಾಸ್ತಿಯಂತೆ. "ಹಾಕಲ್ಲ" ಅಂದುಬಿಟ್ಟರು. ಕಾರಿನಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ಹಿರೀಸಾವೆ ದಾಟಿದ ಮೇಲೆ, "ನೀನೊಬ್ಬನೇ ಹೋಗಿ ಫೋಟೋ ಕಳ್ಸು ಬಿಡು" ಅಂದರು.

ಅವತ್ತು ರಾತ್ರಿ ನಿಯಮವನ್ನ ಮತ್ತೆ ಓದಿದೆ. ಆರು ದಿನ. ಅಂದರೆ ಪೆರು ಬಿಟ್ಟು, ಪಟ್ಟಿಯಲ್ಲಿಲ್ಲದ ದೇಶದಲ್ಲಿ ಆರು ದಿನಕ್ಕಿಂತ ಹೆಚ್ಚು ಇದ್ದು ಬಂದರೆ? ಡಾಕ್ಟರ್‌ಗೆ ಫೋನ್ ಮಾಡಿದೆ, ಕಾಡಿನ ಕಡೆ ಕಾಲಿಡದಿದ್ದರೆ ಹೋಗಬಹುದು ಅಂದರು. ಡಲ್ಲಾಸ್ ಹೋಗುವಾಗ ಅಲ್ಲ, ಬರುವಾಗ ಅಂತ ಪ್ಲಾನ್ ತಿರುಗಿಸಿದೆ. ಅಕ್ಕನ ಮನೆಯಲ್ಲಿ ಹತ್ತು ದಿನ. ಅಕ್ಕನಿಗಂತೂ ಖುಷಿಯೋ ಖುಷಿ.

ಇನ್ನೊಂದು ತಲೆನೋವು ಹೆಸರು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಅಮೆರಿಕದ ವೀಸಾದಲ್ಲಿ ಮುಂದಿನ ಹೆಸರಿಗೆ ಎಫ್‌ಎನ್‌ಯು ಅಂತ ಹಾಕಿದ್ದಾರೆ. ಖಾಲಿ ಬಿಟ್ಟರೆ ಮಾಚು ಪಿಚು ಟಿಕೆಟ್‌ನ ಫಾರ್ಮ್ ಮುಂದೆ ಹೋಗಲ್ಲ. (ಇಂಥ ಫಾರ್ಮ್ ಬರೆದವರಲ್ಲಿ ನಾನೂ ಒಬ್ಬ, ಕ್ಷಮಿಸಿ.) ವಿಮಾನ, ರೈಲು, ಮಾಚು ಪಿಚು ಎಲ್ಲದಕ್ಕೂ ಒಂದೇ ಥರ ಹೆಸರು ಕೊಡಿ; ಗೇಟಿನಲ್ಲಿ ಅಸಲಿ ಪಾಸ್‌ಪೋರ್ಟ್ ನೋಡ್ತಾರೆ. ಟಿಕೆಟ್ ತಿಂಗಳುಗಳ ಮುಂಚೆಯೇ ತಗೊಳ್ಳಿ, ಯಾವ ಸರ್ಕ್ಯೂಟ್ ಅಂತ ನೋಡಿ.

ಕುಸ್ಕೊ ಸುಮಾರು 3,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930. ಲಿಮಾ ಸಮುದ್ರದ ದಂಡೆ, ವಿಮಾನ ಒಂದೂವರೆ ಗಂಟೆಯಲ್ಲಿ ಮೇಲಕ್ಕೆ ತಂದುಬಿಡುತ್ತೆ. ಹಾಗಾಗಿ ಕುಸ್ಕೊದಲ್ಲಿ ಉಳಿಯದೆ ನೇರ ಉರುಬಂಬಾ ಕಣಿವೆಗೆ ಇಳಿದೆವು, ಅದು 2,870. ಎರಡು ದಿನ ನಿಧಾನವಾಗಿ ಓಡಾಡಿ ಆಮೇಲೆ ಉಳಿದದ್ದು. ಕೋಕಾ ಎಲೆಯ ಚಹಾ ಅಲ್ಲೇ ಕುಡಿದು ಬಿಡಿ. ಒಂದು ಎಲೆಯೂ ಬ್ಯಾಗಿಗೆ ಬೇಡ, ಭಾರತದಲ್ಲೂ ಅಮೆರಿಕದಲ್ಲೂ ಅಪರಾಧ. ಜೂನ್ ಅಲ್ಲಿ ಒಣಹವೆ, ರಾತ್ರಿ ಮಾತ್ರ ಕೊರೆಯುವ ಚಳಿ. ಸಸ್ಯಾಹಾರಿಗಳು "ಸಿನ್ ಕಾರ್ನೆ, ಸಿನ್ ಪೊಯ್ಯೊ" ಕಲಿತುಕೊಳ್ಳಿ, ಅಂದರೆ ಮಾಂಸ ಬೇಡ, ಕೋಳಿ ಬೇಡ. ಸೂಪ್‌ಗೆ ಕೋಳಿ ಬೇಯಿಸಿದ ನೀರು ಹಾಕಿದ್ದಾರಾ ಅಂತ ಬೇರೆಯಾಗಿ ಕೇಳಬೇಕು.

ಪಿಸಾಕ್ ಮೇಲಿನ ಬೆಟ್ಟದಲ್ಲಿ ಕೆಚುವಾ ಹಳ್ಳಿಗಳವರು ಸೇರಿ ನಡೆಸುವ ಆಲೂಗಡ್ಡೆ ಪಾರ್ಕ್ ಇದೆ. ಸಾವಿರಕ್ಕೂ ಹೆಚ್ಚು ತಳಿ ಉಳಿಸಿಕೊಂಡಿದ್ದಾರೆ. ಒಬ್ಬ ಅಜ್ಜಿ ಕಂಬಳಿ ಹಾಸಿ ಕೆಂಪು, ಹಳದಿ, ಕಪ್ಪು, ಗಂಟುಗಂಟಾದ ಗೆಡ್ಡೆಗಳನ್ನ ಸುರಿದರು. ಇಬ್ಬನಿಯಲ್ಲಿ ಹೆಪ್ಪುಗಟ್ಟಿಸಿ, ಕಾಲಲ್ಲಿ ತುಳಿದು, ಬಿಸಿಲಲ್ಲಿ ಒಣಗಿಸಿದ ಚುನ್ಯೊ ಕೊಟ್ಟರು, ವರ್ಷಗಟ್ಟಲೆ ಕೆಡಲ್ಲವಂತೆ. ಅಪ್ಪ ಕನ್ನಡದಲ್ಲೇ ಕೇಳ್ತಿದ್ದರು, "ಅಂಗಮಾರಿ ಬರಲ್ವಾ ನಿಮಗೆ?" ಗೈಡ್ ಸ್ಪ್ಯಾನಿಷ್‌ನಿಂದ ಕೆಚುವಾಗೆ ದಾಟಿಸಿದ. ಬರುತ್ತೆ, ಒಂದೇ ಹೊಲದಲ್ಲಿ ಹತ್ತಾರು ತಳಿ ಹಾಕ್ತೀವಿ, ಒಂದಿಷ್ಟು ಉಳಿಯುತ್ತೆ ಅಂದರು ಅಜ್ಜಿ.

ಹೊರಡುವಾಗ ಅಪ್ಪ ಒಂದು ನೇರಳೆ ಗೆಡ್ಡೆ ಹಿಡಿದು ನನ್ನ ಮುಖ ನೋಡಿದರು. ರೋಗ ಹರಡುತ್ತೆ ಅಂತ ಬಿತ್ತನೆ ಗೆಡ್ಡೆ ತರುವ ಹಾಗಿಲ್ಲ, ಮನೆಯಲ್ಲೇ ಹೇಳಿದ್ದೆ. ಮಣ್ಣು ಒರೆಸಿ, ಮೊಳಕೆ ಕಣ್ಣುಗಳನ್ನ ಎಣಿಸಿ, ಕಂಬಳಿ ಮೇಲೆ ವಾಪಸ್ ಇಟ್ಟರು.