ಬಿಳೇಕಹಳ್ಳಿಯ ಫುಟ್‌ಪಾತ್ ಮೇಲಿನ ಔಷಧಿ

ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಹತ್ತಿರ ಟ್ರಾಫಿಕ್ ನಿಂತಾಗ ಮೆಟ್ರೋ ಕಂಬ ನೋಡೋದು ಬಿಟ್ಟು ಸ್ವಲ್ಪ ಕೆಳಗೆ ನೋಡಿ. ಚಪ್ಪಡಿ ಸಂದಿಯಲ್ಲಿ, ಖಾಲಿ ಸೈಟಿನ ಕಾಂಪೌಂಡ್ ಬುಡದಲ್ಲಿ ಉದ್ದ ತೊಟ್ಟಿನ, ಹಳದಿ ನಡುವಿನ ಪುಟ್ಟ ಹೂವಿನ ಕಳೆಗಿಡ ಇರುತ್ತೆ. ಪುಸ್ತಕದ ಹೆಸರು ಟ್ರೈಡ್ಯಾಕ್ಸ್. ಹಳ್ಳಿಯಲ್ಲಿ ಬೆಳೆದವರಿಗೆ ಹೆಸರು ಬೇಕಿಲ್ಲ. ಮಂಡಿ ತರಚಿದರೆ ಇದರ ಸೊಪ್ಪು ಅಂಗೈಯಲ್ಲಿ ಉಜ್ಜಿ ರಸ ಹಿಂಡುತ್ತಿದ್ದರು. ತಮಾಷೆ ಅಂದ್ರೆ, ಅಜ್ಜಿ ಕಾಲದ ಈ ಮದ್ದು ಮೂಲತಃ ಮಧ್ಯ ಅಮೆರಿಕದ ಗಿಡ!

ಅಲ್ಲೇ ಎದುರಿಗೆ ಫೋರ್ಟಿಸ್ ಆಸ್ಪತ್ರೆ. ಬಿಳೇಕಹಳ್ಳಿ ಒಳಗೆ ತಿರುಗಿದರೆ ಮೆಡಿಕಲ್ ಸ್ಟೋರ್‌ಗಳು. ಬೈಕಿಂದ ಬಿದ್ದವರಿಗೆ ಗೊತ್ತು, ಒಣಗಿದ ಬ್ಯಾಂಡೇಜ್ ಬಟ್ಟೆ ಗಾಯಕ್ಕೆ ಅಂಟಿ, ಕೀಳುವಾಗ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತೆ.

ಆ ಸೊಪ್ಪು, ಈ ಬಟ್ಟೆ ಎರಡನ್ನೂ ಒಂದು ಮಾಡೋ ಪ್ರಯತ್ನವೇ ನ್ಯಾನೋಫೈಬರ್ ಡ್ರೆಸಿಂಗ್. ಗಿಡದ ಸಾರ ಬೆರೆಸಿದ ಪಾಲಿಮರ್ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಸಾವಿರಾರು ವೋಲ್ಟ್ ಕೊಡ್ತಾರೆ. ಹನಿ ಎಳೆಯಾಗಿ ಚಿಮ್ಮುತ್ತೆ, ದ್ರಾವಕ ಗಾಳಿಯಲ್ಲೇ ಆರುತ್ತೆ, ಎದುರಿನ ತಟ್ಟೆ ಮೇಲೆ ಜೇಡರಬಲೆಯಂಥ ಹಾಸು ಬೀಳುತ್ತೆ. ಎಳೆ ನಮ್ಮ ಕೂದಲಿಗಿಂತ ನೂರಾರು ಪಟ್ಟು ಸಪೂರ. ಗಾಳಿ ಆಡುತ್ತೆ, ಬ್ಯಾಕ್ಟೀರಿಯಾ ನುಸುಳೋದು ಕಷ್ಟ, ಚರ್ಮದ ಜೀವಕೋಶಗಳು ಚಪ್ಪರಕ್ಕೆ ಹಬ್ಬುವ ಬಳ್ಳಿಯ ಹಾಗೆ ಹಬ್ಬಬಲ್ಲವು. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಸರಿಯಾಗಿ ಕರಗಲ್ಲ; ಎಳೆಯೊಳಗೆ ಕೂತರೆ ನಿಧಾನವಾಗಿ ಬಿಡುಗಡೆ ಆಗಬಲ್ಲದು. ಒಂದೆಲಗದ ಮೇಲೂ ಇಂಥ ಪ್ರಯೋಗಗಳು ನಡೆದಿವೆ.

ಅರಿಶಿನ ಗಾಯ ಮಾಗಿಸುತ್ತೆ ಅನ್ನೋದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಹಳೇ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಂದರೆ ಅರಿಶಿನದ ಗುಣ ಹೊಸದಲ್ಲ. ಅದನ್ನು ಅಳತೆ ಮಾಡಿ, ಪ್ರತಿ ಸಲವೂ ಅಷ್ಟೇ ಗಾಯಕ್ಕೆ ತಲುಪಿಸೋದು ಹೊಸದು. ನನ್ನ ಪ್ರಕಾರ ನಿಜವಾದ ಕಷ್ಟವೂ ಅಲ್ಲೇ. ಮಳೆಗಾಲದ ಸೊಪ್ಪಿನ ಸಾರ ಬೇಸಿಗೆಯದ್ದರಂತೆ ಇರಲ್ಲ. ಕೆಲವು ಹಾಸುಗಳು ಮೊದಲ ದಿನವೇ ಮದ್ದನ್ನೆಲ್ಲ ಸುರಿದುಬಿಡುತ್ತವೆ. ದ್ರಾವಕದ ಶೇಷ ಉಳಿದರೆ ಅದೇ ವಿಷ. ಒಂದು ಸೂಜಿಯಿಂದ ಗಂಟೆಗೆ ಬರೋದೂ ಸ್ವಲ್ಪವೇ. ಇಲಿ ಮೇಲೆ ಚೆನ್ನಾಗಿ ಬಂದ ಫಲಿತಾಂಶ ಶುಗರ್ ಇರೋ ಮನುಷ್ಯನ ಪಾದದಲ್ಲಿ ಬರುತ್ತೆ ಅಂತ ಗ್ಯಾರಂಟಿ ಇಲ್ಲ.

ಶುಗರ್ ಇರೋ ನಮ್ಮ ದೊಡ್ಡಪ್ಪನ ಕಾಲಿಗೆ ಹುಣ್ಣಾದಾಗ, ಊರಿಂದ ಸೊಪ್ಪು ಕಳಿಸೋಣ್ವಾ ಅಂತ ಅತ್ತೆ ಫೋನ್ ಮಾಡಿದ್ದರು. ಬೇಡ ಅತ್ತೆ ಅಂದೆ. ತೊಳೆಯದ ಎಲೆಯಲ್ಲಿ ಮದ್ದಿನ ಜೊತೆ ಮಣ್ಣು, ಕ್ರಿಮಿ ಎಲ್ಲ ಇರುತ್ತೆ. ಆ ಪಾದದಲ್ಲಿ ಕೀವಾದರೆ ಬೆರಳೇ ಹೋಗಬಹುದು. ಅತ್ತೆಗೆ ಬೇಜಾರಾಯ್ತು. ಎರಡು ದಿನಕ್ಕೊಮ್ಮೆ ಡ್ರೆಸಿಂಗ್‌ಗೆ ದೊಡ್ಡಪ್ಪನನ್ನು ಆಟೋದಲ್ಲಿ ಕರ್ಕೊಂಡು ಹೋಗ್ತಿದ್ದೀವಿ.