ಕತ್ತಲೆಗೊಂದು ಕನ್ನಡಿ

ಆಟಿಯ ಮಳೆ ಹಿಡಿದರೆ ನಮ್ಮ ಪೆರ್ಲದ ಕಡೆ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಅಂಥದೊಂದು ರಾತ್ರಿ, ಚಾವಡಿಯ ಗೋಡೆಗೊರಗಿ ಕೂತು, ನಾನು ಗ್ಯಾನನ್‌ಡಾರ್ಫನ ಕೋಟೆಯ ಎದುರು ನಿಂತಿದ್ದೆ. ಕೈಯಲ್ಲಿದ್ದದ್ದು ಸೋದರಮಾವ ಶಾರ್ಜಾದಿಂದ ತಂದುಕೊಟ್ಟ ನಿಂಟೆಂಡೊ ತ್ರೀಡಿಎಸ್. ಆಟ, ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’. 1998ರಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ 64ಕ್ಕೆಂದು ಹುಟ್ಟಿದ ಈ ಆಟ, 2011ರಲ್ಲಿ ಅಂಗೈಯ ಪೆಟ್ಟಿಗೆಗೆ ಹೊಸ ರೂಪದಲ್ಲಿ ಬಂತು. ಬ್ಯಾಟರಿಯಲ್ಲಿ ಚಾರ್ಜಿದ್ದರೆ ಸಾಕು, ಅದಕ್ಕೆ ಕರೆಂಟಿನ ಹಂಗಿಲ್ಲ.

ಸಾಹಸದ ಆಟಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕೊನೆಯ ಭಾಗ. ಬಯಲು, ಹಳ್ಳಿ, ಕುದುರೆ ಸವಾರಿಗಳೆಲ್ಲ ಮುಗಿದು, ಇನ್ನು ಎರಡು ಡಂಜನ್ ಮತ್ತು ಒಬ್ಬ ಬಾಸ್ ಮಾತ್ರ ಉಳಿದಿರುವ ಹೊತ್ತು. ಡಂಜನ್ ಎಂದರೆ ಬೀಗ, ಬಲೆ, ಒಗಟುಗಳಿಂದ ತುಂಬಿದ ಕತ್ತಲೆಯ ಕಟ್ಟಡ. ಒಳಗೆ ಹೋದವನು ಬಿಡಿಸಿಕೊಂಡೇ ಮುಂದೆ ಹೋಗಬೇಕು. ಬಾಸ್ ಎಂದರೆ ಕೊನೆಯಲ್ಲಿ ಕಾದಿರುವ ದೊಡ್ಡ ಶತ್ರು, ಇಲ್ಲಿ ಅವನೇ ಗ್ಯಾನನ್‌ಡಾರ್ಫ್.

ಈ ಆಟದ ನಾಯಕ ಲಿಂಕ್‌ಗೆ ಕೊನೆಗೆ ಉಳಿಯುವುದು ನೆರಳಿನ ದೇಗುಲ ಮತ್ತು ಮರುಭೂಮಿಯಲ್ಲಿರುವ ಆತ್ಮದ ದೇಗುಲ. ನೆರಳಿನ ದೇಗುಲದಲ್ಲಿ ಕಣ್ಣಿಗೆ ಕಾಣುವ ಗೋಡೆ ಗೋಡೆಯಲ್ಲ, ಕಾಣದ ಕಡೆ ನೆಲವಿದೆ. ಸತ್ಯವನ್ನು ತೋರಿಸುವ ಒಂದು ಮಸೂರವಿದೆ, ಆದರೆ ಅದನ್ನು ಹಿಡಿದಷ್ಟು ಹೊತ್ತೂ ಮಾಂತ್ರಿಕ ಶಕ್ತಿ ಸೋರುತ್ತಿರುತ್ತದೆ. ಒಮ್ಮೆ ನೋಡಿ ನೆನಪಿಟ್ಟುಕೊಳ್ಳಬೇಕು, ಮತ್ತೆ ಕತ್ತಲೆಯಲ್ಲೇ ಹೆಜ್ಜೆ ಇಡಬೇಕು.

ಆತ್ಮದ ದೇಗುಲದಲ್ಲಿ ಸಿಗುವುದು ಕನ್ನಡಿಯ ಗುರಾಣಿ. ಸೂರಿನಿಂದ ಒಂದು ಕೋಲು ಬಿಸಿಲು ನೆಲಕ್ಕೆ ಬೀಳುತ್ತಿರುತ್ತದೆ, ದೂರದ ಗೋಡೆಯಲ್ಲಿ ಸೂರ್ಯನ ಮುಖದ ಕೆತ್ತನೆ ಇರುತ್ತದೆ. ಬಿಸಿಲಿನಲ್ಲಿ ನಿಂತು ಗುರಾಣಿ ತಿರುಗಿಸಿ ಬೆಳಕನ್ನು ಆ ಮುಖಕ್ಕೆ ಬೀಳಿಸಿದರೆ ಬಾಗಿಲು ತೆರೆಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮಜ್ಜ ಎಂದೋ ಕಲಿಸಿದ್ದರು.

ಮನೆಯ ಹಿಂದಿನ ಗುಡ್ಡದಲ್ಲಿ ನಮ್ಮ ಸುರಂಗವಿದೆ. ಕಾಸರಗೋಡಿನ ಗುಡ್ಡಗಳಲ್ಲಿ ಇಂಥವು ಸಾವಿರಾರು. ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಆಳು ಹೋಗುವಷ್ಟೇ ಅಗಲದ ದಾರಿ ಮಾಡಿ, ಗುಡ್ಡದ ಒಳಗಿನ ಒರತೆಯನ್ನು ಹುಡುಕುವ ಕೆಲಸ. ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಕೊರೆಯುವವರು ಪಕ್ಕದಲ್ಲಿ ಹಚ್ಚಿಟ್ಟ ದೀಪದ ಮೇಲೆ ಕಣ್ಣಿಟ್ಟಿರುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ, ತಕ್ಷಣ ಹೊರಗೆ ಬರಬೇಕು. ಬೇಸಿಗೆಯಲ್ಲಿ ನೀರು ಸಣ್ಣಗಾದಾಗ ಅಜ್ಜ ಬೆಳಗಿನ ಬಿಸಿಲಿಗೆ ಕನ್ನಡಿ ಹಿಡಿದು ನಿಲ್ಲಲು ನನ್ನನ್ನು ಕರೆಯುತ್ತಿದ್ದರು. ಸುರಂಗದ ಬಾಯಲ್ಲಿ ನಾನು ನಿಂತರೆ ಬೆಳಕು ಒಳಗಿನ ಒದ್ದೆ ಗೋಡೆಯವರೆಗೂ ಹರಿಯುತ್ತಿತ್ತು. ಅಲ್ಲಿ ಎಲ್ಲಿ ಮಣ್ಣು ಜರಿದಿದೆ, ಎಲ್ಲಿ ಒರತೆ ಜಿನುಗುತ್ತಿದೆ ಎಂದು ಅವರು ಬಗ್ಗಿ ನೋಡುತ್ತಿದ್ದರು. “ಕೈ ಹಂದುಸೆಡ ಮಗಾ, ಬೆಣಚ್ಚು ತಪ್ಪುತ್ತು” ಎನ್ನುತ್ತಿದ್ದರು. ಕೈ ಅಲುಗಿಸಬೇಡ, ಬೆಳಕು ತಪ್ಪುತ್ತದೆ ಎಂದು. ಆಟದಲ್ಲಿ ಗುರಾಣಿ ತಿರುಗಿಸುವಾಗ ಆ ಮಾತೇ ಕಿವಿಯಲ್ಲಿತ್ತು.

ಈ ಆಟಗಳನ್ನು ಕಟ್ಟಿದ ಶಿಗೆರು ಮಿಯಾಮೊಟೊ ಕೂಡ ಇಂಥದೇ ನೆಲದ ಹುಡುಗ. ಜಪಾನಿನ ಕ್ಯೋಟೋ ಬಳಿಯ ಸೊನೊಬೆ ಎಂಬ ಊರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಗುಡ್ಡ ಅಲೆಯುತ್ತ ಒಂದು ಗುಹೆ ಕಂಡು, ಮೊದಲು ಹಿಂಜರಿದು, ಆಮೇಲೆ ಲಾಟೀನು ಹಿಡಿದು ಒಳಗೆ ಹೋದರಂತೆ. ಆ ಅನುಭವವೇ 1986ರ ಮೊದಲ ‘ಜೆಲ್ಡಾ’ ಆಟಕ್ಕೆ ಬೀಜವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಓದಿದ ದಿನ ನನಗೆ ಆ ಆಟ ಪರದೇಶದ್ದೆಂದು ಅನಿಸುವುದು ನಿಂತಿತು.

ಕೊನೆಯ ಕೋಟೆಯೊಳಗೆ ಆರು ತಡೆಗಳಿವೆ. ಅಡವಿ, ನೀರು, ನೆರಳು, ಬೆಂಕಿ, ಬೆಳಕು, ಆತ್ಮ. ಒಂದೊಂದರಲ್ಲೂ ಹಿಂದೆ ಕಲಿತ ವಿದ್ಯೆಯ ಸಣ್ಣ ಪರೀಕ್ಷೆ. ಅವನ್ನು ದಾಟಿದರೆ ಮೇಲಕ್ಕೆ ಹೋಗುವ ಗೋಪುರ. ಅಲ್ಲಿಂದ ಆರ್ಗನ್ನಿನ ನಾದ ಕೇಳಲು ಶುರುವಾಗುತ್ತದೆ. ಮೇಲೇರಿದಂತೆ ನಾದವೂ ಜೋರಾಗುತ್ತದೆ, ತುದಿಯಲ್ಲಿ ಅದನ್ನು ನುಡಿಸುತ್ತಿರುವವನು ಗ್ಯಾನನ್‌ಡಾರ್ಫನೇ. ಕೋಜಿ ಕೊಂಡೊ ಸಂಯೋಜಿಸಿದ ಈ ಸಂಗೀತ ಕೇಳಿದಾಗಲೆಲ್ಲ ನನಗೆ ಬಯಲಾಟದ ರಾತ್ರಿಗಳು ನೆನಪಾಗುತ್ತವೆ. ನಮ್ಮೂರಲ್ಲಿ ಆಟವೆಂದರೆ ಮೊದಲು ಯಕ್ಷಗಾನವೇ ತಾನೆ! ಗದ್ದೆಯ ಹುಣಿಯಲ್ಲಿ ನಡೆಯುವಾಗ ಚೆಂಡೆ ದೂರದಿಂದ ಕೇಳುತ್ತದೆ. ಹತ್ತಿರವಾದಂತೆ ಎದೆ ಬಡಿತವೂ ಅದರ ಜೊತೆ ಸೇರುತ್ತದೆ. ಬಣ್ಣದ ವೇಷ ಕಣ್ಣಿಗೆ ಬೀಳುವ ಮೊದಲೇ ತೆರೆಯ ಹಿಂದಿನ ಅಬ್ಬರ ನಮ್ಮನ್ನು ಹಿಡಿದಿರುತ್ತದೆ.

ಗ್ಯಾನನ್‌ಡಾರ್ಫ್ ಎಸೆಯುವ ಬೆಳಕಿನ ಉಂಡೆಯನ್ನು ಕತ್ತಿಯಿಂದ ಹೊಡೆದು ಅವನಿಗೇ ಹಿಂದಿರುಗಿಸಬೇಕು. ಇದು ಹೊಸ ವಿದ್ಯೆಯಲ್ಲ, ಅಡವಿಯ ದೇಗುಲದಲ್ಲಿ ಅವನದೇ ಛಾಯೆಯ ಎದುರು ಕಲಿತದ್ದು. ಅವನು ಬಿದ್ದರೂ ಕಥೆ ಮುಗಿಯದು. ಕೋಟೆ ಕುಸಿಯುತ್ತದೆ, ಮೂರು ನಿಮಿಷದೊಳಗೆ ರಾಜಕುಮಾರಿ ಜೆಲ್ಡಾಳ ಜೊತೆ ಓಡಿ ಹೊರಬರಬೇಕು. ಹೊರಗೆ ಬಂದು ಉಸಿರು ಬಿಟ್ಟರೆ, ಅವಶೇಷದಡಿಯಿಂದ ಅವನು ಗ್ಯಾನನ್ ಎಂಬ ಭಾರೀ ಮೃಗವಾಗಿ ಏಳುತ್ತಾನೆ. ಸುತ್ತ ಬೆಂಕಿಯ ಉಂಗುರ. ಲಿಂಕ್‌ನ ಖಡ್ಗ ಹಾರಿ ಬೆಂಕಿಯಾಚೆ ಬೀಳುತ್ತದೆ.

ಆಗ ನಾವಿ ಮಾತಾಡುತ್ತಾಳೆ. ಆಟದ ಮೊದಲಿನಿಂದ ಜೊತೆಗೆ ಹಾರುವ ಪುಟ್ಟ ಬೆಳಕಿನ ಚುಕ್ಕೆ ಅವಳು. ಗೋಪುರದಲ್ಲಿ ಕತ್ತಲೆಯ ಶಕ್ತಿಗೆ ಹತ್ತಿರ ಬರಲಾಗದೆ ಹಿಂದುಳಿದವಳು, ಈ ಸಲ ಜೊತೆಯಲ್ಲೇ ಹೋರಾಡುತ್ತೇನೆ ಎನ್ನುತ್ತಾಳೆ. ಆ ಮಾತಿಗೆ ನನ್ನ ಕಣ್ಣು ಮಂಜಾಯಿತು. ಬೆಳಕಿನ ಬಾಣ ಮುಖಕ್ಕೆ, ಪೆಟ್ಟು ಬಾಲಕ್ಕೆ. ಎರಡು ಸಲ ಸತ್ತೆ. ಮೂರನೆಯ ಸಲ ಆತುರ ಬಿಟ್ಟೆ. ಕೈ ಅಲುಗಿಸದೆ ಕಾದೆ, ಗುರಿ ತಪ್ಪಲಿಲ್ಲ. ಗ್ಯಾನನ್ ಬಿದ್ದಾಗ ಹೊರಗೆ ಮಳೆ ನಿಂತಿತ್ತು, ಕೊಟ್ಟಿಗೆಯಲ್ಲಿ ದನ ಕೂಗುತ್ತಿತ್ತು.

ಕೊನೆಯ ಡಂಜನ್ ಹೊಸದೇನನ್ನೂ ಕಲಿಸುವುದಿಲ್ಲ, ಕಲಿತದ್ದನ್ನು ನೆನಪಿಟ್ಟಿದ್ದೀಯಾ ಎಂದಷ್ಟೇ ಕೇಳುತ್ತದೆ. ಅದಕ್ಕೇ ಅದು ನನಗೆ ಇಷ್ಟ. ಮೊದಲ ದಿನ ದಾರಿ ತಪ್ಪಿ ಅಲೆದವನು ಎಷ್ಟು ದೂರ ಬಂದಿದ್ದಾನೆಂದು ತಿಳಿಯುವುದು ಅಲ್ಲಿ ಮಾತ್ರ.

ನಿಮ್ಮ ಮನೆಯ ಮಕ್ಕಳು ಕೊನೆಯ ಬಾಸ್ ಎದುರು ಉಸಿರು ಬಿಗಿಹಿಡಿದು ಕೂತಿದ್ದರೆ, ಊಟಕ್ಕೆ ಕೂಗುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಇಲ್ಲಿಯವರೆಗೆ ಹೇಗೆ ಬಂದೆ ಎಂದು ಕೇಳಿ. ಅವರು ಹೇಳುತ್ತಾರೆ.